ಎಡಗಡೆ ಚಕ್ರದ ಹತ್ತು ನಟ್ಟು

ಲಾರಿ ಮನೆ ಮುಂದೆ ಬಂದು ನಿಂತು ಹನ್ನೆರಡು ದಿನವಾಗಿತ್ತು. ಆ ಹನ್ನೆರಡು ದಿನವೂ ಪ್ರೂಫಮ್ಮ ಓದಿದ್ದಳು. ಓದಿ ಓದಿ ಕಣ್ಣಿಗೆ ಮರಳು ಬಿದ್ದ ಹಾಗಾಗಿತ್ತು, ಕತ್ತು ಒಂದು ಕಡೆ ತಿರುಗಿದರೆ ಇನ್ನೊಂದು ಕಡೆ ಬರುತ್ತಿರಲಿಲ್ಲ. ಒಂದು ಚಕ್ರ ಬಿಚ್ಚಿ ಹಾಕುವುದರ ಬಗ್ಗೆ ಇಷ್ಟು ಓದುವುದಿರುತ್ತದೆ ಎಂದು ಗೊತ್ತಿದ್ದರೆ ಅವಳು ಆ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲವೇನೋ. ಆದರೆ ಹಿಡಿದ ಕೆಲಸ ಬಿಡುವ ಜಾತಿಯಲ್ಲ ಅವಳು. ಅದೇ ಅವಳ ಗುಣ, ಅದೇ ಅವಳ ಕಷ್ಟ.

ಪ್ರೂಫಮ್ಮ ಎಂದು ಹೆಸರಿಟ್ಟವರು ಅವಳು ಕೆಲಸ ಮಾಡುವ ಅಚ್ಚುಕೂಟದವರು. ದಿನಾ ಮಧ್ಯಾಹ್ನದವರೆಗೆ ಅಲ್ಲಿ ಕೂತು, ಔಷಧಿ ಡಬ್ಬಿಯ ಚೀಟಿಯಿಂದ ಹಿಡಿದು ಶಾಲೆಯ ಪಠ್ಯಪುಸ್ತಕದವರೆಗೆ ಬಂದದ್ದರಲ್ಲೆಲ್ಲ ಪ್ರೂಫು ನೋಡಿ ತಪ್ಪು ಹುಡುಕುವುದು ಅವಳ ಹೊಟ್ಟೆಪಾಡು. ಗಂಡನಿಗೂ ಒಂದು ಅಡ್ಡಹೆಸರಿತ್ತು. ಬಿಸ್ಕತ್ತು ಕಾರ್ಖಾನೆಯ ಗೇಟಿನವರು ಅವನನ್ನು ಗಡಿಯಾರ ಎನ್ನುತ್ತಿದ್ದರು. ಏಳಕ್ಕೆ ಬಾ ಎಂದರೆ ಏಳಕ್ಕೆ ಐದು ನಿಮಿಷ ಇರುವಾಗಲೇ ಅವನ ಲಾರಿಯ ಮೂತಿ ಗೇಟಿನಲ್ಲಿ ಕಾಣಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನು ತಪ್ಪಿದ್ದು ಒಂದೇ ಸಲ, ಹೋದ ವರ್ಷ. ಎಂಟು ದಿನ ತಡವಾಗಿ ಬಂದು, ದಾರಿಯಲ್ಲಿ ಸೇತುವೆ ರಿಪೇರಿ ನಡೀತಿತ್ತು, ಗಾಡಿ ಬಿಡಲಿಲ್ಲ ಎಂದಿದ್ದ. ಸರಿ, ಸೇತುವೆ ಅಂದಮೇಲೆ ಯಾರೇನು ಮಾಡಲಾಗುತ್ತದೆ ಎಂದು ಎಲ್ಲರೂ ಸುಮ್ಮನಾಗಿದ್ದರು.

ಈಗ ಬಂದ ತೊಂದರೆ ಎಡಗಡೆಯ ಹಿಂದಿನ ಚಕ್ರದ್ದು. ಒಳಗಡೆಯಿಂದ ಎಣ್ಣೆ ಸೋರಿ ಟಯರಿನ ಮೇಲೆಲ್ಲ ಕಪ್ಪಗೆ ಇಳಿದಿತ್ತು. ಒಳಗಿನ ರಬ್ಬರ್ ಸೀಲು ಹೋಗಿದೆ, ಎಣ್ಣೆ ಬ್ರೇಕಿಗೆ ತಾಗಿದೆ, ಹೀಗೆ ಓಡಿಸುವ ಹಾಗಿಲ್ಲ. ಯಾವಾಗಲೂ ರಿಪೇರಿ ಮಾಡುವ ಮೇಸ್ತ್ರಿ ಕೈ ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡು ಕೂತಿದ್ದ. ಉಳಿದ ಗ್ಯಾರೇಜುಗಳಲ್ಲಿ ಕೇಳಿದರೆ ಬರೋ ತಿಂಗಳು ನೋಡೋಣ ಎಂದರು. ಕಾರ್ಖಾನೆಯ ಸೂಪರ್‌ವೈಸರ್ ಮಾತ್ರ ತಿಂಗಳು ಗಿಂಗಳು ಕೇಳುವವನಲ್ಲ. ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಈ ವಾರ, ಬರೋ ವಾರ ಕಾಯ್ತೀನಿ. ಆಮೇಲಿನ ಸೋಮವಾರ ಬೆಳಿಗ್ಗೆ ಏಳಕ್ಕೆ ಗಾಡಿ ಗೇಟಲ್ಲಿರಬೇಕು. ಇಲ್ಲಾಂದ್ರೆ ನಿಮ್ಮ ರೂಟು ಬೇರೆಯವರಿಗೆ ಕೊಟ್ಟುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ." ಇಪ್ಪತ್ತೆರಡು ವರ್ಷದ ರೂಟು ಅದು. ಅದು ಹೋದರೆ ಹಳೇ ಲಾರಿಗೆ, ಹಳೇ ಡ್ರೈವರಿಗೆ ಹೊಸ ರೂಟು ಕೊಡುವವರು ಯಾರು?

"ನಾವೇ ಬಿಚ್ಚೋಣ" ಎಂದವಳು ಪ್ರೂಫಮ್ಮ. "ಆದರೆ ಒಂದು ಮಾತು ರೀ. ನಾನು ಎಲ್ಲಾ ಓದಿ ಮುಗಿಸೋವರೆಗೂ ನೀವು ಒಂದು ನಟ್ಟೂ ಮುಟ್ಟೋ ಹಾಗಿಲ್ಲ."

ಈ ಷರತ್ತಿಗೆ ಕಾರಣವಿತ್ತು. ಕೆಲವು ವರ್ಷದ ಹಿಂದೆ ಗಡಿಯಾರ ಯಾರನ್ನೂ ಕೇಳದೆ ಗೇರ್‌ಬಾಕ್ಸ್ ಬಿಚ್ಚಿ, ತಿರುಗಿ ಜೋಡಿಸಿ, ಕೈ ಒರೆಸಿಕೊಂಡು ಎದ್ದಾಗ ನೆಲದ ಮೇಲೆ ಮೂರು ಸಾಮಾನು ಉಳಿದಿದ್ದವು. "ಕಂಪನಿಯೋರು ಒಂದೆರಡು ಹೆಚ್ಚಿಗೇನೇ ಹಾಕಿರ್ತಾರೆ" ಎಂದಿದ್ದ ಮಹಾನುಭಾವ. ಆ ಗೇರ್‌ಬಾಕ್ಸ್ ನಾಲ್ಕು ಮೈಲಿ ಓಡಿ ಮಲಗಿಕೊಂಡಿತು. ಅಂದಿನಿಂದ ಮನೆಯಲ್ಲಿ ಸ್ಪ್ಯಾನರಿನ ಸದ್ದು ಕೇಳಿದರೆ ಸಾಕು, ಗಂಡ ಹೆಂಡಿರ ಜಗಳ ಶುರು. ಅವಳು ಓದಿ ಬಿಚ್ಚಿ ಎನ್ನುವುದು, ಅವನು ಓದಿದರೆ ನಟ್ಟು ಬಿಚ್ಚಿಕೊಳ್ಳುತ್ತಾ ಎನ್ನುವುದು, ಕೊನೆಗೆ ಇಬ್ಬರೂ ಮುಖ ಊದಿಸಿಕೊಳ್ಳುವುದು.

ಈ ಸಲ ಮಾತ್ರ ಅವನು ಜಗಳವಾಡಲಿಲ್ಲ. "ಆಯ್ತು ಕಣೇ. ನಿಧಾನಕ್ಕೆ ಓದು. ಅವಸರ ಮಾಡಬೇಡ" ಎಂದುಬಿಟ್ಟ. ಪ್ರೂಫಮ್ಮನಿಗೆ ಒಂದು ಗಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಂತೂ ಇಷ್ಟು ವರ್ಷಕ್ಕೆ ಬುದ್ಧಿ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಓದು ಶುರುವಾಯಿತು. ಲಾರಿಯ ಸರ್ವಿಸ್ ಪುಸ್ತಕವನ್ನು ಅಚ್ಚುಕೂಟದ ಯಜಮಾನರು ಯಾರ ಹತ್ತಿರವೋ ತರಿಸಿಕೊಟ್ಟರು. ಮುನ್ನೂರ ಎಂಬತ್ತು ಪುಟ, ಇರುವೆ ಗಾತ್ರದ ಅಕ್ಷರ. ಸಂಜೆ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಪಕ್ಕದಲ್ಲಿ ಮೊಬೈಲಿನಲ್ಲಿ ವೀಡಿಯೋ ಹಚ್ಚಿಕೊಂಡು, ವೀಡಿಯೋದವನು ಹೇಳಿದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ತಾಳೆ ನೋಡುತ್ತಿದ್ದಳು. ತಾಳೆಯಾಗದ ಕಡೆ ಕೆಂಪು ಶಾಯಿಯಲ್ಲಿ ಗೀಟು. ವೀಡಿಯೋದವರ ಮೇಲೆ ಅವಳಿಗೆ ಕೆಟ್ಟ ಕೋಪ. ಹತ್ತು ನಿಮಿಷ ತಮ್ಮ ಬಗ್ಗೆ ಮಾತಾಡಿ, ಚಕ್ರ ಬಿಚ್ಚುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾಕ್ಕೆ ಬೆನ್ನು ಅಡ್ಡ ಕೊಡುತ್ತಾರೆ, ಅವರ ಮನೆ ಹಾಳಾಗ!

ಗಡಿಯಾರ ಎದುರಿಗೆ ಕೂತು ಕೇಳುತ್ತಿದ್ದ. ಕೇಳಿ ದಿನಕ್ಕೊಂದು ಹೊಸ ಪ್ರಶ್ನೆ ಹುಟ್ಟಿಸುತ್ತಿದ್ದ. ಯಾವ ಗ್ರೀಸು ಹಾಕಬೇಕು ಅದನ್ನೂ ನೋಡಿಬಿಡು. ಬೇರಿಂಗು ಎಷ್ಟು ಬಿಗಿ ಇರಬೇಕು ನೋಡು. ಜಾಕಿ ಇಡೋ ನೆಲ ಸಮ ಇದೆಯಾ, ಅದೂ ಮುಖ್ಯ ಅಲ್ವಾ? ಪಾಪ, ಅವಳು ಅಚ್ಚುಕೂಟದಿಂದ ಮಟ್ಟಗೋಲು ತಂದು ಅಂಗಳವನ್ನೂ ಅಳೆದಳು. ಹೀಗೆ ಅವಳು ಓದುತ್ತಿರುವಾಗಲೇ ಎಷ್ಟೋ ಸಲ ಅವನು ಕುರ್ಚಿಯಲ್ಲೇ ತೂಕಡಿಸಿಬಿಡುತ್ತಿದ್ದ. ಒಮ್ಮೆಯಂತೂ ಹಾಡಹಗಲು, ಲಾರಿಯ ಕೆಳಗೆ ನೋಡಿಬರುತ್ತೇನೆಂದು ಹೋದವನು ಎದೆಯ ಮೇಲೆ ಸ್ಪ್ಯಾನರ್ ಇಟ್ಟುಕೊಂಡು ಅಲ್ಲೇ ಗೊರಕೆ ಹೊಡೆಯುತ್ತಿದ್ದ. ಕೆಲಸವಿಲ್ಲದ ಮೈಗೆ ನಿದ್ದೆ ಹತ್ತಿರ ಎಂದುಕೊಂಡು, ಅವಳು ಸ್ಪ್ಯಾನರ್ ತೆಗೆದಿಟ್ಟು ಒಳಗೆ ಬಂದಳು.

ಒಂಬತ್ತನೇ ದಿನ ಅವಳು ಬಿಡಿಭಾಗದ ಅಂಗಡಿಗೆ ಹೋದಳು. ಅಂಗಡಿಯ ಯಜಮಾನ ಎದೆಯವರೆಗೆ ಗಡ್ಡ ಬಿಟ್ಟ ಮುದುಕ, ಮಾತು ಕಡಿಮೆ. ಅವಳ ಕೈಯಲ್ಲಿದ್ದ ಸಾಮಾನಿನ ಪಟ್ಟಿ ನೋಡಿ ಹುಬ್ಬೇರಿಸಿದ.

"ಇಷ್ಟೆಲ್ಲ ಬರಕೊಂಡು ಬಂದೋರನ್ನ ನಾನು ಇದುವರೆಗೂ ನೋಡಿಲ್ಲಮ್ಮ" ಎಂದು ಸೀಲು, ಬ್ರೇಕಿನ ಪಟ್ಟಿ, ಗ್ರೀಸು ಎಲ್ಲ ಎತ್ತಿಟ್ಟ. ಲಾರಿಯ ಕಾಗದಪತ್ರ ನೋಡಿ, ಯಾವ ವರ್ಷದ್ದು ಎಂದು ತಿಳಿದುಕೊಂಡು, "ಈ ಮಾಡೆಲ್ಲಿಗೆ ಎಡಗಡೆ ಚಕ್ರದ ನಟ್ಟು ಉಲ್ಟಾ. ಗೊತ್ತು ತಾನೆ?" ಎಂದ.

"ಗೊತ್ತು. ಪುಸ್ತಕದಲ್ಲಿದೆ. ಬಲಗಡೆಯದು ಮಾಮೂಲಿ. ಎಡಗಡೆಯದನ್ನ ಬಿಚ್ಚೋಕೆ ಬಿಗಿ ಮಾಡೋ ದಿಕ್ಕಿಗೇ ತಿರುಗಿಸಬೇಕು."

"ಭೇಷ್. ಆದರೆ ಹಿಂದಿನ ಆಕ್ಸಲ್, ಅದೇ ಚಕ್ರದ ಅಚ್ಚು, ಯಾವತ್ತಾದರೂ ಬದಲಾಯಿಸಿದ್ರೆ ಈ ಲೆಕ್ಕ ನಡೆಯಲ್ಲ. ಆಮೇಲೆ ಬಂದ ಆಕ್ಸಲ್‌ಗಳಲ್ಲಿ ಎರಡೂ ಕಡೆ ಮಾಮೂಲಿ ನಟ್ಟೇ. ಬದಲಾಯಿಸಿದ್ದೀರಾ?"

"ಎಲ್ಲಿಯ ಮಾತು! ಯಜಮಾನರೇ, ಅದು ನಮ್ಮ ಮನೆಯವರ ಗಾಡಿ. ನನಗೆ ಗೊತ್ತಿಲ್ಲದೆ ಅದರದ್ದೊಂದು ಬೋಲ್ಟೂ ಬದಲಾಗಿಲ್ಲ" ಎಂದಳು ಪ್ರೂಫಮ್ಮ. ಆ ಮಾತಿನಲ್ಲಿ ಎಂಥ ಜಂಬ ಇತ್ತೆಂದರೆ ಮುದುಕನೂ ನಕ್ಕುಬಿಟ್ಟ.

ಮನೆಗೆ ಬಂದು ಗಂಡನಿಗೆ ನಟ್ಟಿನ ವಿಷಯ ಹೇಳಿದಳು. ಅವನು ಹಲ್ಲುಕಡ್ಡಿ ಆಡಿಸುತ್ತಾ, "ಹೌದಾ? ಪುಸ್ತಕದಲ್ಲಿ ಹಾಗಿದ್ರೆ ಹಾಗೇ ಇರುತ್ತೆ" ಎಂದು ಬೇರೆ ಕಡೆ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಆ ಚಕ್ರವನ್ನು ನೂರು ಸಲ ಬಿಚ್ಚಿದವನು ಹೀಗೆ ಮಾತಾಡಿದ್ದು ವಿಚಿತ್ರ ಎಂದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಷ್ಟೊತ್ತಿಗೆ ಅವಳಿಗೆ ಸಾಕು ಸಾಕಾಗಿಹೋಗಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಹಿಡಿದರು. ಇನ್ನು ತಳ್ಳುವ ಹಾಗಿರಲಿಲ್ಲ, ನಾಳೆ ಸೋಮವಾರ. ಮುಂದಿನ ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟರು. ಜಾಕಿ ಏರಿಸುವ ಮೊದಲು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲ ಮಾಡಿಕೊಳ್ಳಬೇಕು, ಪುಸ್ತಕದ ನೂರಾ ಹದಿನಾಲ್ಕನೇ ಪುಟ. ಹತ್ತು ನಟ್ಟುಗಳಿಗೂ ತುಕ್ಕು, ಮಣ್ಣು, ಯಾರೋ ಬಳಿದ ಬಣ್ಣ ಎಲ್ಲ ಸೇರಿ ಗಟ್ಟಿ ಕವಚ ಕಟ್ಟಿಕೊಂಡಿತ್ತು.

"ನೀನು ಒಳಗೆ ಹೋಗಿ ಟೀ ಮಾಡು. ಇದನ್ನ ನಾನು ಬಿಚ್ತೀನಿ" ಎಂದ ಗಡಿಯಾರ.

"ಅದೆಲ್ಲ ಆಗಲ್ಲ. ನೀವು ಅವಸರದಲ್ಲಿ ಮಾಮೂಲಿ ದಿಕ್ಕಿಗೆ ತಿರುಗಿಸಿಬಿಡ್ತೀರಿ. ಮೊದಲನೇದು ನಾನೇ ಬಿಚ್ಚೋದು."

ಅವನು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಮೊಣಕಾಲ ಮೇಲೆ ಕೈಯೂರಿ ಅಲ್ಲೇ ಇದ್ದ ಖಾಲಿ ಡಬ್ಬದ ಮೇಲೆ ಕುಕ್ಕರಿಸಿದ.

ಪ್ರೂಫಮ್ಮ ದೊಡ್ಡ ಪಾನಾ ಹಚ್ಚಿ, ಅದರ ಹಿಡಿಗೆ ಆಳುದ್ದದ ಕಬ್ಬಿಣದ ಕೊಳವೆ ಸಿಕ್ಕಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಒತ್ತಿದಳು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಒತ್ತಿದಳು. ಇಲ್ಲ. ಕೊನೆಗೆ ಲಾರಿಯ ಪಕ್ಕದ ಹಲಗೆ ಹಿಡಿದು ಕೊಳವೆಯ ಮೇಲೇ ಹತ್ತಿ ನಿಂತಳು. ಗಡಿಯಾರ ಎದ್ದು ಬಂದು ಅವಳು ಬೀಳದ ಹಾಗೆ ತೋಳು ಹಿಡಿದುಕೊಂಡ.

"ನೋಡಿದ್ರಾ ಎಷ್ಟು ಹಿಡಕೊಂಡಿದೆ? ಇನ್ನೊಂದು ಸ್ವಲ್ಪ!" ಎಂದು ಅವಳು ಮೈಭಾರವನ್ನೆಲ್ಲ ಬಿಟ್ಟು ಒಮ್ಮೆ ಕುಪ್ಪಳಿಸಿದಳು.

ಠಣ್ ಎಂದಿತು. ಕೊಳವೆ ಎತ್ತಲೋ ಹಾರಿತು, ಅವಳು ಗಂಡನ ಮೇಲೆ ಬಿದ್ದಳು, ಇಬ್ಬರೂ ನೆಲಕ್ಕೆ ಕುಂಡೆ ಊರಿದರು. ನಟ್ಟು ಬಿಚ್ಚಿಕೊಂಡಿರಲಿಲ್ಲ. ಚಕ್ರ ಹಿಡಿಯುವ ಸ್ಟಡ್ಡೇ, ಅಂದರೆ ನಟ್ಟು ಕೂರುವ ಆ ಹೆಬ್ಬೆರಳು ಗಾತ್ರದ ಬೋಲ್ಟೇ ಮುರಿದು ನಟ್ಟಿನ ಸಮೇತ ಅಂಗಳದಲ್ಲಿ ಉರುಳುತ್ತಿತ್ತು.

"ಪೆಟ್ಟಾಯ್ತೇನೇ?" ಎಂದ ಅವನು.

ಅವಳು ಬಿದ್ದ ಜಾಗದಿಂದಲೇ ಕೈ ಚಾಚಿ ಆ ತುಂಡು ಎತ್ತಿಕೊಂಡಳು. ಮುರಿದ ಕಡೆ ಕಬ್ಬಿಣ ಹೊಸದಾಗಿ ಫಳಫಳ ಹೊಳೆಯುತ್ತಿತ್ತು, ಅದರ ಪಕ್ಕದಲ್ಲಿ ತಿರುಪಿನ ಗೆರೆಗಳು ಕಾಣುತ್ತಿದ್ದವು. ಕಣ್ಣ ಹತ್ತಿರ ಹಿಡಿದು ನೋಡಿದಳು. ಎದ್ದು ಹೋಗಿ ಸಾಮಾನಿನ ಪೆಟ್ಟಿಗೆಯಿಂದ ಒಂದು ಮಾಮೂಲಿ ಬೋಲ್ಟ್ ತಂದು ಪಕ್ಕದಲ್ಲಿಟ್ಟು ನೋಡಿದಳು. ಎರಡರ ತಿರುಪಿನ ಗೆರೆಯೂ ಒಂದೇ ಕಡೆಗೆ ವಾಲಿತ್ತು. ಇನ್ನೂ ನಂಬಿಕೆಯಾಗದೆ ತಂತಿಯ ಬ್ರಶ್ಶಿನಿಂದ ಉಳಿದ ಒಂಬತ್ತರ ತುದಿ ತಿಕ್ಕಿದಳು. ಉಲ್ಟಾ ಬೋಲ್ಟಿನ ತುದಿಯಲ್ಲಿ ಇರಬೇಕೆಂದು ಪುಸ್ತಕ ಹೇಳಿದ್ದ ಎಡಗಡೆಯ ಗುರುತು ಒಂದರ ಮೇಲೂ ಇರಲಿಲ್ಲ. ಅಷ್ಟು ಹೊತ್ತೂ ಅವಳು ನಟ್ಟನ್ನು ಬಿಚ್ಚುತ್ತಿರಲಿಲ್ಲ. ಮೈಭಾರ ಹಾಕಿ ಬಿಗಿ ಮಾಡುತ್ತಿದ್ದಳು.

ಮುರಿದ ತುಂಡನ್ನು ಗಂಡನ ಮುಂದೆ ಹಿಡಿದಳು.

"ರೀ, ಈ ಆಕ್ಸಲ್ ನಮ್ಮ ಗಾಡಿಯದ್ದಲ್ಲ."

ಗಡಿಯಾರ ನೆಲದ ಮೇಲೇ ಕೂತಿದ್ದ. ಹೂಂ ಎಂದ.

"ಯಾವಾಗ ಬದಲಾಯಿಸಿದ್ದು?"

"ಹೋದ ವರ್ಷ."

"ಸೇತುವೆ ರಿಪೇರಿ ಅಂದ್ರಲ್ಲ, ಆಗ?"

"ಸೇತುವೇನೂ ಇರಲಿಲ್ಲ, ರಿಪೇರೀನೂ ಇರಲಿಲ್ಲ. ಗಾಡಿ ರಸ್ತೆ ಬಿಟ್ಟು ಕೆಳಗೆ ಇಳಿದಿತ್ತು. ಮೋರಿಗೆ ಬಡಿದು ಆಕ್ಸಲ್ ಬಾಗಿಹೋಯ್ತು. ಅಲ್ಲೇ ಒಂದು ಗ್ಯಾರೇಜಲ್ಲಿ ಬೇರೆ ಗಾಡಿಯದ್ದು ಹಾಕಿಸ್ದೆ."

ಪ್ರೂಫಮ್ಮನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನಿಮಗೆ ಗೊತ್ತಿತ್ತು! ಉಲ್ಟಾ ನಟ್ಟಲ್ಲ ಅಂತ ಗೊತ್ತಿದ್ದೂ ನನ್ನ ಕೋತಿ ಹಾಗೆ ಕೊಳವೆ ಮೇಲೆ ಕುಣಿಸಿದ್ರಲ್ಲ? ಹನ್ನೆರಡು ದಿನ ರೀ! ಕಣ್ಣು ಕಿತ್ತು ಬರೋ ಹಾಗೆ ಓದಿದೆ. ನೆಲ ಅಳೀ ಅಂದ್ರಿ, ನೆಲಾನೂ ಅಳೆದೆ. ನನ್ನ ನೋಡಿ ಒಳಗೊಳಗೇ ನಗ್ತಾ ಇದ್ರಾ?"

"ನಗಲಿಲ್ಲ ಕಣೇ. ನೀನು ಓದ್ತಾ ಇದ್ದಷ್ಟು ದಿನ ನಾನು ಗಾಡಿ ಹತ್ತೋ ಹಾಗಿರಲಿಲ್ಲ. ಅದಕ್ಕೇ ಓದಲಿ ಅಂತ ಬಿಟ್ಟೆ."

ಅವಳು ಕೈಯಲ್ಲಿದ್ದ ಕಬ್ಬಿಣದ ತುಂಡನ್ನು ಕೆಳಗಿಟ್ಟಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯ ಗಾಡಿ ಹತ್ತುವುದಕ್ಕೆ ಒಂದು ದಿನವೂ ಹಿಂದೆ ಮುಂದೆ ನೋಡಿದ್ದಿಲ್ಲ. ಜ್ವರದಲ್ಲೂ ಹತ್ತಿದವನು.

"ಏನಾಯ್ತು ಆವತ್ತು? ಸರಿಯಾಗಿ ಹೇಳಿ."

ಅವನು ಹೇಳಿದ. ಹೇಳುವಾಗ ಮುಖ ನೋಡಲಿಲ್ಲ, ಅಂಗೈಯ ಗ್ರೀಸು ಉಜ್ಜುತ್ತಾ ಹೇಳಿದ. ಆವತ್ತು ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ರಾತ್ರಿ ಎಂಟು ಗಂಟೆ ಹೊತ್ತು ನಿದ್ದೆ ಮಾಡಿದ್ದ. ತಿಂಡಿ ತಿಂದಿದ್ದ. ರಸ್ತೆ ನೆಟ್ಟಗಿತ್ತು, ಬಿಸಿಲಿತ್ತು. ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ. ಬಡಿದ ಸದ್ದಿಗೆ ಎಚ್ಚರವಾದಾಗ ಲಾರಿ ಮೋರಿಯ ಪಕ್ಕ ವಾಲಿ ನಿಂತಿತ್ತು, ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳು ಗದ್ದೆಯಲ್ಲಿ ಬಿದ್ದಿದ್ದವು.

"ಅದಕ್ಕೆ ಸ್ವಲ್ಪ ಮುಂಚೆ ಒಂದು ಸ್ಕೂಟರು ನನ್ನ ಮುಂದೇನೇ ಹೋಗ್ತಾ ಇತ್ತು. ಹಿಂದೆ ಒಂದು ಮಗು ಕೂತಿತ್ತು, ನನಗೆ ಕೈ ಬೀಸ್ತು, ನಾನೂ ಬೀಸ್ದೆ. ಅದಾದ್ಮೇಲೆ ಏನೂ ನೆನಪಿಲ್ಲ. ಕೆಳಗಿಳಿದು ಮೊದಲು ಚಕ್ರದ ಅಡಿ ನೋಡ್ದೆ. ಗದ್ದೆಯಲ್ಲಿ ನೋಡ್ದೆ. ಮೋರಿ ಒಳಗೆ ನೋಡ್ದೆ. ಅವರು ಎಲ್ಲೋ ಪಕ್ಕದ ದಾರಿಗೆ ತಿರುಗಿ ಹೊರಟುಹೋಗಿದ್ರು ಅಂತ ಕಾಣತ್ತೆ. ಅದು ಗೊತ್ತಾಗೋವರೆಗೂ ನಾನು ಬದುಕಿರಲಿಲ್ಲ ಕಣೇ."

"ಅದೊಂದೇ ಸಲಾನಾ?"

ಅವನು ಪಕ್ಕದಲ್ಲಿ ಬಿದ್ದಿದ್ದ ಪಾನಾ ಎತ್ತಿ ಒರೆಸತೊಡಗಿದ.

"ನಾನು ಕೇಳ್ತಾ ಇದ್ದೀನಿ. ಒಂದೇ ಸಲಾನಾ?"

"ಆಮೇಲೆ ಎರಡು ಸಲ ಆಯ್ತು. ಒಂದು ಸಲ ಗೇಟಿನ ಸಾಲಲ್ಲಿ ನಿಂತಿರುವಾಗ, ಅದು ಬಿಡು. ಇನ್ನೊಂದು ಈಗ, ಈ ಸೋರಿಕೆ ಶುರುವಾಗೋ ಹಿಂದಿನ ದಿನ. ಎದುರು ಬಸ್ಸಿನವನು ಹಾರ್ನ್ ಹೊಡೆದದ್ದಕ್ಕೆ ಎಚ್ಚರ ಆಯ್ತು." "ಮಾರನೇ ದಿನ ಚಕ್ರದಲ್ಲಿ ಎಣ್ಣೆ ಸೋರಿದ್ದು ನೋಡಿ ನನಗೆ ಕುಣಿಯೋಣ ಅನ್ನಿಸ್ತು. ನಿಜವಾಗ್ಲೂ."

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಹೇಳಿದ್ರೆ ಗಾಡಿ ಬಿಡಬೇಕು. ಬಿಟ್ಟು ಏನು ಮಾಡಲಿ? ನನಗೆ ಬೇರೆ ಏನು ಬರುತ್ತೆ? ಗೇಟಲ್ಲಿ ಎಲ್ಲರೂ ಗಡಿಯಾರ ಗಡಿಯಾರ ಅಂತಾರೆ. ನಿದ್ದೆ ಹೋಗ್ತೀನಿ ಅಂತ ಅವರ ಮುಂದೆ ಬಾಯಿ ಬಿಟ್ಟು ಹೇಳಲಾ?" ಮೆಲ್ಲಗೆ ಸೇರಿಸಿದ. "ನಿನಗೆ ಹೇಳೋಣ ಅಂತ ಎಷ್ಟೋ ಸಂಜೆ ಎದುರಿಗೆ ಬಂದು ಕೂತೆ. ನೀನು ತಲೆ ಎತ್ತಲೇ ಇಲ್ಲ."

ಆ ಮಾತು ಪ್ರೂಫಮ್ಮನಿಗೆ ನಾಟಿತು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ತಲೆ, ಲಾರಿಯ ಕೆಳಗಿನ ಗೊರಕೆ, ಊಟದ ಮಧ್ಯೆ ತಟ್ಟೆಯಲ್ಲೇ ನಿಂತುಬಿಡುತ್ತಿದ್ದ ಕೈ, ಎಲ್ಲ ಅವಳ ಕಣ್ಣೆದುರಿಗೇ ಇದ್ದವು. ಮುನ್ನೂರ ಎಂಬತ್ತು ಪುಟದಲ್ಲಿ ಒಂದು ಅಲ್ಪವಿರಾಮವನ್ನೂ ಬಿಡದ ಕಣ್ಣು ಇದನ್ನು ಬಿಟ್ಟಿತ್ತು. ಅಳು ಬಂತು. ಸಿಟ್ಟೂ ಹೋಗಿರಲಿಲ್ಲ. ಎರಡನ್ನೂ ನುಂಗಿಕೊಂಡು ಅವನ ಪಕ್ಕದಲ್ಲೇ, ಚಕ್ರಕ್ಕೆ ಒರಗಿ ಕೂತಳು.

"ಈಗ ಏನು ಮಾಡೋದು?" ಎಂದ ಗಡಿಯಾರ. "ಒಂದು ಸ್ಟಡ್ ಹೋದ್ರೆ ಏನಾಗಲ್ಲ. ಒಂಬತ್ತಿದೆ. ಮಾಮೂಲಿ ದಿಕ್ಕಿಗೆ ತಿರುಗಿಸಿದ್ರೆ ಅರ್ಧ ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತೆ. ಸಂಜೆಯೊಳಗೆ ಸೀಲು ಹಾಕಿ ಮುಗಿಸಬಹುದು. ನಾಳೆ ಏಳಕ್ಕೆ..." ಅಲ್ಲಿಗೆ ಮಾತು ನಿಲ್ಲಿಸಿದ.

ಅವಳ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮೊಬೈಲು ಹೊಡೆದುಕೊಂಡಿತು. ಕಾರ್ಖಾನೆಯ ಸೂಪರ್‌ವೈಸರ್. ಗಂಡನ ಫೋನು ಒಳಗೆ ಚಾರ್ಜಿಗಿತ್ತು, ಅಲ್ಲಿ ಎತ್ತದ್ದಕ್ಕೆ ಇಲ್ಲಿಗೆ ಮಾಡಿದ್ದ.

"ನಮಸ್ಕಾರಮ್ಮ. ನಾಳೆ ಏಳಕ್ಕೆ ಗಡಿಯಾರದ ಗಾಡಿ ಬರುತ್ತೆ ತಾನೆ? ಇಲ್ಲಾಂದ್ರೆ ಈಗಲೇ ಹೇಳಿಬಿಡಿ. ಇನ್ನೊಬ್ಬ ಇಲ್ಲಿ ಬಂದು ಕೂತಿದ್ದಾನೆ."

ಪ್ರೂಫಮ್ಮ ಗಂಡನ ಮುಖ ನೋಡಿದಳು. ಅವನು ಬರುತ್ತೆ ಎನ್ನು ಎಂದು ಸನ್ನೆ ಮಾಡಲು ಕೈ ಎತ್ತಿದ. ಅರ್ಧಕ್ಕೆ ಎತ್ತಿದ ಕೈ ಹಾಗೇ ಮಡಿಲಿಗೆ ಬಿತ್ತು. ಎರಡು ವಾರದ ಗಡ್ಡ ಬೆಳೆದಿತ್ತು, ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಇಷ್ಟು ದಿನ ಅವಳು ಆ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ.

"ಇಲ್ಲ ಸಾರ್, ಬರಲ್ಲ" ಎಂದಳು.

"ಅಯ್ಯೋ, ಇನ್ನೂ ರಿಪೇರಿ ಮುಗೀಲಿಲ್ವಾ?"

"ಗಾಡಿ ಇವತ್ತು ಸರಿಹೋಗುತ್ತೆ. ಡ್ರೈವರಿಗೆ ಹುಷಾರಿಲ್ಲ."

"ಗಡಿಯಾರಕ್ಕಾ? ಏನಾಗಿದೆ? ಒಂದೆರಡು ದಿನದ್ದಾದ್ರೆ ನೋಡೋಣ..."

"ಗೊತ್ತಿಲ್ಲ ಸಾರ್. ನಾಳೆ ಡಾಕ್ಟರ ಹತ್ತಿರ ಕರಕೊಂಡು ಹೋಗ್ತೀನಿ. ಅವರು ನೋಡಿ ಹೇಳೋವರೆಗೂ ಇವರು ಸ್ಟೇರಿಂಗ್ ಹಿಡಿಯಲ್ಲ. ರೂಟು ಆ ಇನ್ನೊಬ್ಬರಿಗೇ ಕೊಟ್ಟುಬಿಡಿ."

ಸೂಪರ್‌ವೈಸರ್ ಏನೇನೋ ಹೇಳಿದ. ಇಪ್ಪತ್ತೆರಡು ವರ್ಷ ಎಂದ, ಯೋಚನೆ ಮಾಡಿ ಎಂದ. ಅವಳು ಎಲ್ಲದಕ್ಕೂ ಹೂಂ ಸಾರ್, ಹೌದು ಸಾರ್ ಎಂದು ಫೋನಿಟ್ಟಳು. ಬಾಯಲ್ಲಿ ಅಂದುಬಿಟ್ಟದ್ದು ಎಷ್ಟು ದೊಡ್ಡದು ಎಂದು ಈಗ ತಿಳಿಯುತ್ತಿತ್ತು. ಗಂಡ ಈಗ ಕೂಗಾಡುತ್ತಾನೆ, ನನ್ನ ಅನ್ನಕ್ಕೆ ಕಲ್ಲು ಹಾಕಿದೆ ಎನ್ನುತ್ತಾನೆ ಎಂದು ಕಾದಳು.

ಗಡಿಯಾರ ಕೂಗಾಡಲಿಲ್ಲ.

"ನಾಳೆ ಹೋಗೋ ಹಾಗಿಲ್ವಾ?" ಎಂದ.

"ಇಲ್ಲ."

"ನಾಡಿದ್ದು?"

"ನಾಡಿದ್ದೂ ಇಲ್ಲ."

"ಅಬ್ಬಾ" ಎಂದ ಅವನು. ಅಷ್ಟೇ ಅಂದದ್ದು. ಅಂದು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಮುಖಕ್ಕೆಲ್ಲ ಗ್ರೀಸು ಮೆತ್ತಿಕೊಳ್ಳುತ್ತಿದ್ದುದೂ ಅವನ ಗಮನಕ್ಕೆ ಬರಲಿಲ್ಲ. ಭುಜ ಅಲುಗುತ್ತಿತ್ತು. ಪ್ರೂಫಮ್ಮ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಅವನು ಅತ್ತು ಮುಗಿಸುವವರೆಗೂ ಹಾಗೆಯೇ ಕೂತಿದ್ದಳು.